ಖಜಾನೆ ಬಾಗಿಲು

ಮೆಲ್ಬರ್ನಿನ ಪಶ್ಚಿಮ ಭಾಗದಲ್ಲಿ ನನ್ನ ಮನೆಯ ಬಾಗಿಲಿನಷ್ಟು ಭದ್ರವಾದ ಮುಂಬಾಗಿಲು ಇನ್ನೊಂದಿಲ್ಲ. ಪೂರ್ವ ಭಾಗದಲ್ಲೂ ಇರಲಾರದು. ಗ್ಲೆನ್ ವೇವರ್ಲಿಯವರೆಗೆ ಹೋಗಿ ಒಂದೊಂದೇ ಬಾಗಿಲು ಬಡಿದು ನೋಡಲು ನನಗೆ ಪುರುಸೊತ್ತಾಗಿಲ್ಲ, ಅಷ್ಟೇ. ನನ್ನ ಬಾಗಿಲಿನ ದಪ್ಪ ಒಂದು ಗೇಣು. ಅದನ್ನು ಕೂರಿಸಿಕೊಟ್ಟ ಬಡಗಿ ಅಲೋಶಿಯಸ್ ಮಾತ್ರ ಟೇಪು ಹಿಡಿದು ನಾಲ್ಕು ಬೆರಳು ಎನ್ನುತ್ತಾನೆ. ಬಡಗಿಗಳಿಗೆ ಅಳತೆ ಗೊತ್ತು, ಘನತೆ ಗೊತ್ತಿಲ್ಲ.

ಈ ಒಂದು ಬಾಗಿಲನ್ನು ನನಗೆ ಕೊಡುವುದಕ್ಕಾಗಿ ಇಲ್ಲಿಯ ಸರ್ಕಾರ ನೂರು ವರ್ಷದ ಕಟ್ಟಡವನ್ನೇ ಕೆಡವಬೇಕಾಯಿತು. ನಡೆದದ್ದು ಹೀಗೆ.

2014ರಲ್ಲಿ ನಾನು ಟ್ರುಗನಿನಾದಲ್ಲಿ ಹೊಸ ಮನೆ ಕಟ್ಟಿಸಿ, ಮೂವತ್ತು ವರ್ಷದ ಮಾರ್ಟ್‌ಗೇಜಿಗೆ ಸಹಿ ಹಾಕಿ, ಒಳಗೆ ಹೋಗಿ ಕುಳಿತಿದ್ದೆ. ಹೆಂಡತಿ ಸುಜಾತಾಳಿಗೆ ಆಗ ಏಳನೇ ತಿಂಗಳು. ಬಾಣಂತನಕ್ಕೆಂದು ಮೈಸೂರಿನಿಂದ ಹೊರಟ ನನ್ನ ಅತ್ತೆ ಭಾಗೀರಥಮ್ಮನವರು ಮೊದಲು ಸಿಡ್ನಿಯಲ್ಲಿ ಹಿರಿಯ ಮಗಳು ಶ್ರೀಲಕ್ಷ್ಮಿಯ ಮನೆಯಲ್ಲಿ ಇಳಿದಿದ್ದರು. ಅಲ್ಲಿಂದಲೇ ಒಂದು ಭಾನುವಾರ ಸ್ಕೈಪಿನಲ್ಲಿ ನನ್ನ ಮನೆಯನ್ನು ಪರಿಶೀಲಿಸಿದರು. ಬಿಲ್ಡರ್ ಕೂಡ ಅಷ್ಟು ಪರಿಶೀಲಿಸಿರಲಿಲ್ಲ.

"ಅಡುಗೆಮನೆ ಆಯ್ತು, ದೇವರಮನೆ ಆಯ್ತು. ಅಳಿಯಂದ್ರೇ, ಈಗ ಹೊಸ್ತಿಲು ತೋರಿಸಿ" ಅಂದರು.

ನಾನು ಲ್ಯಾಪ್‌ಟಾಪನ್ನು ಆರತಿ ತಟ್ಟೆಯಂತೆ ಹಿಡಿದು ಬಾಗಿಲಿಗೆ ಹೋಗಿ ನೆಲಕ್ಕೆ ಬಾಗಿಸಿದೆ.

"ಇದೇನಿದು?"

"ಹೊಸ್ತಿಲು ಅತ್ತೆ. ಅಲ್ಯೂಮಿನಿಯಂದು. ಇಲ್ಲೆಲ್ಲಾ ಹೀಗೇನೇ."

"ಅದು ಹೊಸ್ತಿಲಲ್ಲ, ಟ್ರಂಕಿನ ಪಟ್ಟಿ. ಅರಿಶಿನ ಹಚ್ಚಿದ್ರೆ ನಿಲ್ಲುತ್ತಾ? ರಂಗೋಲಿ ಎಳೆ ಕೂರುತ್ತಾ? ಹೊಸ್ತಿಲಿಲ್ಲದ್ದು ಮನೆ ಅಲ್ಲ, ಬಸ್‌ಸ್ಟ್ಯಾಂಡು. ಹಸಿ ಬಾಣಂತೀನ, ಕೂಸನ್ನ ನಾನು ಬಸ್‌ಸ್ಟ್ಯಾಂಡಿಗೆ ಕರ್ಕೊಂಡು ಹೋಗಲ್ಲ. ಸುಜಾತಾನೇ ಇಲ್ಲಿಗೆ ಬರ್ಲಿ."

ಅವರ ಭುಜದ ಹಿಂದಿನಿಂದ ನನ್ನ ಷಡ್ಡಕ ಬದರಿನಾಥನ ಮುಖ ಉದಯಿಸಿತು. ಈ ಮನುಷ್ಯ ಸಿಡ್ನಿಯಲ್ಲಿ ನನಗಿಂತ ನಾಲ್ಕು ವರ್ಷ ಮೊದಲು ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಪಡೆದವನು. ಆ ನಾಲ್ಕು ವರ್ಷವನ್ನು ಮುಖದಲ್ಲೇ ಹಾಕಿಕೊಂಡು ತಿರುಗುತ್ತಾನೆ.

"ಗೋಪಿ, ನಮ್ಮನೇಲಿ ತೇಗದ ಹೊಸ್ತಿಲು ಇದೆಯಪ್ಪ. ಸುಜಾತಾಗೆ ರೂಮೂ ರೆಡಿ. ನೀನು ವೀಕೆಂಡಲ್ಲಿ ಫ್ಲೈಟ್ ಹಿಡ್ಕೊಂಡು ಬಂದು ಮಗು ನೋಡ್ಕೊಂಡು ಹೋಗು. ಏನಂತೀಯಾ?"

ನನ್ನ ಮಗು ಮೊದಲ ಸಲ ಕಾಲಿಡುವುದು ಈ ಮನುಷ್ಯನ ಮನೆಯಲ್ಲಿ! ಇನ್ನು ಐವತ್ತು ವರ್ಷ ಪ್ರತಿ ಹಬ್ಬಕ್ಕೂ ಆತ ಅದನ್ನೇ ಹೇಳುತ್ತಾನೆ. ಮಗುವಿನ ಮದುವೆಯ ಚಪ್ಪರದಲ್ಲಿ ಮೈಕ್ ಹಿಡಿದು ಹೇಳುತ್ತಾನೆ.

"ರೀ, ಹೊಸ್ತಿಲು ಇದ್ರೂ ಓಕೆ, ಇಲ್ದಿದ್ರೂ ಓಕೆ. ನನಗೆ ಅಮ್ಮ ಜೊತೆಗಿದ್ರೆ ಸಾಕು" ಅಂದಳು ಸುಜಾತಾ. ಕಣ್ಣಿನಲ್ಲಿ ನೀರಿತ್ತು. ವಿಮಾನದವರು ಅವಳನ್ನು ಹತ್ತಿಸಿಕೊಳ್ಳುವುದು ಇನ್ನೊಂದು ತಿಂಗಳು ಮಾತ್ರ. ಅಷ್ಟರಲ್ಲಿ ಹೊಸ್ತಿಲು ಹುಟ್ಟದಿದ್ದರೆ ಮಗು ಸಿಡ್ನಿಯಲ್ಲಿ ಹುಟ್ಟುವುದು ಖಂಡಿತ.

ಅದೇ ವಾರ ಅಂಚೆಪೆಟ್ಟಿಗೆಗೆ ಕೌನ್ಸಿಲ್ಲಿನ ಒಂದು ಕಾಗದ ಬಂತು. ನಮ್ಮ ಕಡೆಯ ಹಳೆಯ ಕೌನ್ಸಿಲ್ ಕಚೇರಿಯನ್ನು ಕೆಡವುತ್ತಾರಂತೆ. ಒಳಗಿನ ಸಾಮಾನು, ಕಿಟಕಿ, ಬಾಗಿಲು ಯಾವುದು ಬೇಕಾದರೂ ನಿವಾಸಿಗಳು ಒಯ್ಯಬಹುದು. ಶನಿವಾರ ಬಂದು ಗುರುತು ಮಾಡುವುದು, ಬುಧವಾರ ಸಾಗಿಸುವುದು, ಗುರುವಾರ ಯಂತ್ರ ಬರುತ್ತದೆ.

ಶನಿವಾರ ಹೋದೆ. ಆಹಾ, ಆ ಮುಂಬಾಗಿಲು! ಎರಡಾಳು ಎತ್ತರ, ಬಣ್ಣದ ಗಾಜು, ಹಿತ್ತಾಳೆಯ ಹಿಡಿ, ಕೆಳಗೆ ಮೊಳಕಾಲೆತ್ತರದ ಹೊಸ್ತಿಲು. ಅಂಥ ಹೊಸ್ತಿಲು ದಾಟಬೇಕಾದರೆ ಅತ್ತೆಗೆ ಏಣಿ ಬೇಕಾದೀತು ಅನ್ನಿಸಿತು. ಆದರೆ ಗಡ್ಡದವನೊಬ್ಬ ಆಗಲೇ ಅದನ್ನು ಎಮ್ಮೆ ಸವರುವಂತೆ ಸವರುತ್ತಾ ನಿಂತಿದ್ದ. ಗುರುತು ಮಾಡಲು ಒಂದು ಸ್ಟಿಕ್ಕರು ಬೇಕು; ಸ್ಟಿಕ್ಕರಿಗೆ ಹಳದಿ ಜಾಕೆಟಿನ ಹೆಂಗಸಿನ ಮೇಜಿನ ಮುಂದೆ ಕ್ಯೂ. ಕ್ಯೂ ಆ ತುದಿಯಲ್ಲಿ ಆಚೆಯ ಬಡಾವಣೆ ಪಾಯಿಂಟ್ ಕುಕ್ ಮುಟ್ಟಿತ್ತು.

ನಾನು ಗಾಬರಿಯಾಗುವ ಪೈಕಿ ಅಲ್ಲ. ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ ತಯಾರಾದ ಮನುಷ್ಯ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಎಸೆದು ಮೂರು ಜನರ ಸೀಟು ಹಿಡಿಯುತ್ತಿದ್ದೆ. ಒಮ್ಮೆ ಗುರಿ ತಪ್ಪಿ ಕರ್ಚೀಫು ಡ್ರೈವರ್ ಸೀಟಿನ ಮೇಲೆ ಬಿತ್ತು. ಪಾಪ, ಡ್ರೈವರ್ ನಂಜನಗೂಡಿನವರೆಗೆ ನಿಂತುಕೊಂಡೇ ಓಡಿಸಿದ. ಕರ್ಚೀಫು ಬಿದ್ದ ಜಾಗವನ್ನು ಮುಟ್ಟುವಂಥ ಪಾಪಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಜೇಬಿನಿಂದ ಕರ್ಚೀಫು ತೆಗೆದೆ. ಹಿತ್ತಾಳೆಯ ಹಿಡಿಯ ಮೇಲೆ ಹಾಸಿದೆ. ಗಡ್ಡದವನಿಗೆ ಕಾಣುವ ಹಾಗೆ ಒಮ್ಮೆ ತಟ್ಟಿದೆ. ಅವನು ನಕ್ಕು ತಲೆಯಾಡಿಸಿದ. ಮಾನವಕುಲ ಎಲ್ಲೆಡೆ ಒಂದೇ ಎಂದುಕೊಂಡು ಕ್ಯೂ ಸೇರಿದೆ.

ಒಂದು ಗಂಟೆಯ ಮೇಲೆ ಹಳದಿ ಜಾಕೆಟಿನ ಹೆಂಗಸು, "ಒಂದು ಮನೆಗೆ ಒಂದೇ ಸ್ಟಿಕ್ಕರು, ಡಾರ್ಲಿಂಗ್" ಅಂತ ಒಂದೇ ಒಂದನ್ನು ಕೊಟ್ಟಳು. ನಾನು ಯೋಚಿಸಿದೆ. ಬಾಗಿಲು ಹೇಗೂ ಕರ್ಚೀಫಿನ ವಶದಲ್ಲಿದೆ. ಹಿಡಿದ ಸೀಟಿಗೆ ಮತ್ತೆ ಟಿಕೆಟು ಯಾಕೆ? ಸ್ಟಿಕ್ಕರನ್ನು ಸಭಾಂಗಣದ ಗೋಡೆ ಗಡಿಯಾರಕ್ಕೆ ಅಂಟಿಸಿ, ಒಂದೇ ದಿನ ಎರಡು ಸಾಮಾನು ಹೊಡೆದ ಜಾಣ್ಮೆಗೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಮನೆಗೆ ಬಂದೆ. ಸಂಜೆಯೊಳಗೆ ಸಿಡ್ನಿಗೆ ಸುದ್ದಿ ಮುಟ್ಟಿತು. "ಕೌನ್ಸಿಲ್ ಆಫೀಸಿನ ಬಾಗಿಲಾ?" ಅಂದ ಬದರಿನಾಥ. ಧ್ವನಿ ಇಳಿದಿತ್ತು. ಅತ್ತೆ ಟಿಕೆಟ್ ಬುಕ್ ಮಾಡಿಸಿದರು.

ಬುಧವಾರ ಅಲೋಶಿಯಸ್‌ನನ್ನೂ ಅವನ ಟ್ರಕ್ಕನ್ನೂ ಕರೆದುಕೊಂಡು ಹೋದೆ. ಮುಂಬಾಗಿಲಿನ ಜಾಗದಲ್ಲಿ ದೊಡ್ಡ ತೂತು. ತೂತಿನಿಂದ ಆಕಾಶ ಕಾಣುತ್ತಿತ್ತು.

"ಬಾಗಿಲೆಲ್ಲಿ?"

"ಸ್ಟಿಕ್ಕರ್ ಹಾಕಿದ ಗಡ್ಡದವರು ಬೆಳಿಗ್ಗೆ ಒಯ್ದರು" ಅಂದಳು ಹಳದಿ ಜಾಕೆಟಿನ ಹೆಂಗಸು.

"ಅದರ ಮೇಲೆ ನನ್ನ ಕರ್ಚೀಫು ಇತ್ತು!"

ಅವಳ ಮುಖ ಅರಳಿತು. "ಓ, ಅದು ನಿಮ್ಮದಾ? ಯಾರೋ ಮರೆತಿದ್ದಾರೆ ಅಂತ ಹಿಂದಿನ ಕೋಣೆ ಬಾಗಿಲಿಗೆ ನೇತುಹಾಕಿದ್ದೀನಿ. ಅದನ್ನ ಯಾರೂ ಕೇಳಿಲ್ಲ, ಕಳೆದುಹೋಗಲ್ಲ ಅಂತ."

ಅಲೋಶಿಯಸ್ ಮಂಗಳೂರಿನವನು, ನಗುವನ್ನು ಒಳಗೆ ಇಟ್ಟುಕೊಳ್ಳುವ ಅಭ್ಯಾಸ ಇಲ್ಲ. "ಎಂತ ಮಾರಾಯ ನೀನು! ಇದೆಂತ ಕೆಂಪು ಬಸ್ಸಾ?" ಅಂತ ಟ್ರಕ್ಕಿಗೆ ಒರಗಿ ನಕ್ಕ.

ಹಿಂದೆ ಹೋಗಿ ನೋಡಿದೆವು. ಕಲ್ಲಿನ ಒಂಟಿ ಕೋಣೆ. ಅದಕ್ಕೊಂದು ಬಾಗಿಲು: ಕಪ್ಪನೆಯ ಮರ, ಅಡ್ಡಡ್ಡ ಕಬ್ಬಿಣದ ಪಟ್ಟಿ, ಹೊರಮೈಗೆ ತೋಳಿನಷ್ಟು ದಪ್ಪದ ಚಿಲಕ, ಎದೆಯ ಮಟ್ಟಕ್ಕೆ ಒಂದು ತಟ್ಟೆ ತೂರುವಷ್ಟು ಕಿಂಡಿ. ಕೆಳಗೆ, ನೋಡಿ, ಕಲ್ಲಿನ ಹೊಸ್ತಿಲು! ನಡುವೆ ಸವೆದು ದೇವಸ್ಥಾನದ ಮೆಟ್ಟಿಲಿನಂತೆ ನುಣ್ಣಗಾಗಿತ್ತು. ಚಿಲಕಕ್ಕೆ ನನ್ನ ಕರ್ಚೀಫು ಜೋತುಬಿದ್ದಿತ್ತು.

"ಈ ಕೋಣೆಯಲ್ಲಿ ಏನಿಡುತ್ತಿದ್ದರು?" ಅಂತ ಅಲ್ಲಿದ್ದ ಕೆಲಸಗಾರನನ್ನು ಕೇಳಿದೆ.

ಅವನು ಚಿಲಕ ನೋಡಿದ. "ಗೊತ್ತಿಲ್ಲ ಮೇಟ್. ಏನೋ ಹೊರಗೆ ಹೋಗಬಾರದಂಥದ್ದು."

ಸರ್ಕಾರದ ಹತ್ತಿರ ಹೊರಗೆ ಹೋಗಬಾರದಂಥದ್ದು ಏನಿರುತ್ತದೆ? ದುಡ್ಡು! ನನ್ನ ತಲೆಯಲ್ಲಿ ಎಲ್ಲವೂ ಸಾಲಾಗಿ ಕೂತಿತು. ಒಂದು ಗೇಣು ದಪ್ಪ ಯಾಕೆ? ಕಳ್ಳರ ಭಯ. ಕಿಂಡಿ ಯಾಕೆ? ಸಂಬಳ ಎಣಿಸಿಕೊಡಲು. ಒಳಮೈಗೆ ಗೀಟುಗಳು, ನಾಲ್ಕು ನಾಲ್ಕು ನಿಂತ ಗೀಟು, ಅವಕ್ಕೊಂದು ಅಡ್ಡ ಗೀಟು. ಯಾಕೆ? ಗುಮಾಸ್ತರು ಚಿನ್ನದ ಚೀಲಗಳನ್ನು ಎಣಿಸಿದ್ದು!

"ಖಜಾನೆ ಕಣೋ ಅಲೋಶಿಯಸ್, ಖಜಾನೆ!"

"ಖಜಾನೆ ಆದ್ರೆ ಒಳಗಿನಿಂದ ಗೀಚಿದ್ದು ಯಾರು ಮಾರಾಯ?"

ಇಂಥ ಪ್ರಶ್ನೆ ಕೇಳುವವರಿಂದಲೇ ನಮ್ಮ ಜನ ಮುಂದೆ ಬರುವುದಿಲ್ಲ. ಗಡಿಯಾರದ ಮೇಲಿನ ಸ್ಟಿಕ್ಕರನ್ನು ಕಿತ್ತು ತಂದು ಈ ಬಾಗಿಲಿಗೆ ಅಂಟಿಸಿದೆ. ಬಾಗಿಲು, ಚೌಕಟ್ಟು, ಕಲ್ಲು, ಎಲ್ಲವನ್ನೂ ಹದಿನಾಲ್ಕು ಜನ ಹೊತ್ತು ಟ್ರಕ್ಕಿಗೆ ಹಾಕಿದೆವು. ಅಲೋಶಿಯಸ್ ನಾಲ್ಕು ಜನ ಎನ್ನುತ್ತಾನೆ. ಮಾರನೆಯ ದಿನ ಯಂತ್ರ ಬಂದು ಕಟ್ಟಡವನ್ನು ಹಪ್ಪಳದಂತೆ ಮುರಿದು ಹಾಕಿತು. ನನ್ನ ಮನೆಗೆ ಎರಡು ದಿನ ಬಾಗಿಲೇ ಇರಲಿಲ್ಲ. ಇಲ್ಲಿ ಜೂನ್ ಅಂದರೆ ಚಳಿಗಾಲ; ಆ ಚಳಿಗೆ ನಡುಮನೆಯಲ್ಲಿಟ್ಟ ಕಾಫಿ ಲೋಟದ ಮೇಲೆ ಮಂಜುಗಡ್ಡೆ ಕಟ್ಟಿತು. ಮೂರನೆಯ ದಿನ ಬಾಗಿಲು ಕೂತಿತು. ಚಿಲಕ ಮಾತ್ರ ಹೊರಗೇ ಉಳಿಯಿತು. ತೆಗೆದರೆ ಮರ ಸೀಳುತ್ತದೆ ಅಂದ ಅಲೋಶಿಯಸ್.

ಜುಲೈಯಲ್ಲಿ ಅತ್ತೆ ಬಂದರು. ಮಂಕಿ ಟೋಪಿ, ಎರಡು ಸ್ವೆಟರು, ಕಾಲುಚೀಲದ ಮೇಲೆ ಕಾಲುಚೀಲ. ಕಾರಿನಿಂದ ಇಳಿದವರೇ ಬಗ್ಗಿ ಹೊಸ್ತಿಲನ್ನು ಕೈಯಿಂದ ಸವರಿದರು.

"ಎಷ್ಟು ಜನರ ಪಾದ ಬಿದ್ದಿದೆಯಪ್ಪಾ ಇದಕ್ಕೆ!"

"ಚಿನ್ನ ಹೊತ್ತವರ ಪಾದ ಅತ್ತೆ. ಸರ್ಕಾರದ ಖಜಾನೆ ಬಾಗಿಲಿದು."

"ಹಾಗಾದ್ರೆ ಸಾಕ್ಷಾತ್ ಲಕ್ಷ್ಮಿ ವಾಸ ಮಾಡಿದ ಬಾಗಿಲು ಅನ್ನಿ!" ಅಂದವರೇ ಬಲಗಾಲಿಟ್ಟು ಒಳಗೆ ಬಂದರು. ಸುಜಾತಾ ಅವರ ಕುತ್ತಿಗೆಗೆ ಬಿದ್ದು ಅತ್ತಳು. ನಾನು ಕಿಂಡಿಯಿಂದ ಹೊರಗೆ ನೋಡುತ್ತಾ ಸಿಡ್ನಿಯ ದಿಕ್ಕಿಗೆ ಒಂದು ಮುಗುಳ್ನಗೆ ಕಳಿಸಿದೆ.

ಖಜಾನೆ ಬಾಗಿಲಿನ ಸುದ್ದಿ ಟ್ರುಗನಿನಾಕ್ಕೆಲ್ಲ ಹಬ್ಬಿತು. ಬೆಳಿಗ್ಗೆ ವಾಕಿಂಗ್ ಹೊರಟ ಆಂಟಿಯರು ಬಾಗಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದೆ ಹೋಗುತ್ತಿದ್ದರು. ಹುಬ್ಬಳ್ಳಿ ಕಡೆಯ ಶಿವಪುತ್ರಪ್ಪನವರು ಪಿಆರ್ ಅರ್ಜಿ ಕಳಿಸುವ ಮುಂಚೆ ಅದನ್ನು ಕಿಂಡಿಯೊಳಗೆ ತೂರಿಸಿ ವಾಪಸು ತೆಗೆದುಕೊಂಡು ಹೋದರು. ಹನ್ನೊಂದು ದಿನದಲ್ಲಿ ಪಿಆರ್ ಬಂತು! (ಅವರು ಹನ್ನೊಂದು ತಿಂಗಳು ಎನ್ನುತ್ತಾರೆ.) ಅತ್ತೆ ದಿನಾ ಹೊಸ್ತಿಲಿಗೆ ಅರಿಶಿನ ಬಳಿದು, ಒಳಮೈಯ ಒಂದೊಂದು ಗೀಟಿಗೂ ಒಂದೊಂದು ಕುಂಕುಮದ ಬೊಟ್ಟು ಇಟ್ಟರು. "ಎಷ್ಟು ಚೀಲ ಚಿನ್ನ ಅಂತೀನಿ!" ಎಂದು ಎಣಿಸಿ ಸಂತೋಷಪಡುತ್ತಿದ್ದರು.

ವರಮಹಾಲಕ್ಷ್ಮಿ ಹಬ್ಬಕ್ಕೆ ಬದರಿನಾಥನೂ ಶ್ರೀಲಕ್ಷ್ಮಿಯೂ ಸಿಡ್ನಿಯಿಂದ ಕಾರು ಓಡಿಸಿಕೊಂಡು ಬಂದರು. ಮನೆ ತುಂಬ ಮುತ್ತೈದೆಯರು, ಐನೂರು ಜನ. ಐವತ್ತಾದರೂ ಇದ್ದೇ ಇದ್ದರು. ಸುಜಾತಾ ತುಂಬು ಬಸುರಿ, ಕಲಶದ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಬದರಿನಾಥ ಕೋಸಂಬರಿ ತಟ್ಟೆ ಹಿಡಿದು ಬಾಗಿಲನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡುತ್ತಿದ್ದ. ತಪ್ಪು ಸಿಗಲಿಲ್ಲ. ಆ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು.

ಎಂಬತ್ತರ ಹತ್ತಿರದ ಬಿಳಿಯ ಮುದುಕ. ಟೋಪಿ ತೆಗೆದು ಎದೆಗೆ ಹಿಡಿದಿದ್ದ. ಹೆಸರು ಮರ್ವ್ ಎಂದ. ಹಳೆಯ ಕಟ್ಟಡ ಕೆಡವಿದ್ದು ತಿಳಿದು ನೋಡಲು ಹೋಗಿದ್ದನಂತೆ. ಹಿಂದಿನ ಕೋಣೆಯ ಬಾಗಿಲನ್ನು ಕರ್ಚೀಫಿನವರು ಒಯ್ದರು ಎಂದು ಹಳದಿ ಜಾಕೆಟಿನವಳು ಹೇಳಿದಳಂತೆ. ಒಳಮೈ ಒಂದು ಸಲ ನೋಡಬಹುದೇ?

ನಾನು ರಾಜಗಾಂಭೀರ್ಯದಿಂದ ಬಾಗಿಲು ತಿರುಗಿಸಿದೆ. ಮುದುಕ ಮೊಣಕಾಲೂರಿ, ಕುಂಕುಮದ ಬೊಟ್ಟುಗಳ ಮಧ್ಯೆ ಬೆರಳಾಡಿಸಿ, ಕೆಳಗಿನ ಮೂಲೆಯಲ್ಲಿ ಮೂರು ಗೀಟಿನ ಹತ್ತಿರ ಬೆರಳು ನಿಲ್ಲಿಸಿದ. "ಇದೇ. ಇದು ನನ್ನದು" ಅಂದ. ಕಣ್ಣು ಒದ್ದೆಯಾಗಿತ್ತು.

"ಏನಂತಾರೆ ಅಳಿಯಂದ್ರೇ?" ಅತ್ತೆಗೆ ಇಂಗ್ಲಿಷ್ ಬರದು.

"ಮೆಲ್ಬರ್ನಿನಲ್ಲಿ ಒಲಿಂಪಿಕ್ಸ್ ನಡೆದ ವರ್ಷ, ಐವತ್ತಾರನೇ ಇಸವಿ. ನಾನು ಈ ಕೋಣೆಯೊಳಗಿದ್ದೆ" ಅಂದ ಮರ್ವ್.

"ಖಜಾನೇಲಿ ಕೆಲಸಕ್ಕಿದ್ರಂತೆ ಅತ್ತೆ" ಅಂದೆ. ಆ ಕ್ಷಣಕ್ಕೆ ನಾನೂ ಅದನ್ನೇ ನಂಬಿದ್ದೆ.

"ಎಷ್ಟು ವರ್ಷ ಅಂತ ಕೇಳಿ."

ಕೇಳಿದೆ. "ಮೂರು ದಿನ" ಅಂದ ಮರ್ವ್. "ಕುಡಿದು ಹೋಟೆಲಿನವನ ಕುದುರೆ ಹತ್ತಿ ಕೌನ್ಸಿಲ್ ಮೀಟಿಂಗಿನೊಳಗೆ ನುಗ್ಗಿದ್ದೆ."

"ಮೂ... ಮೂವತ್ತು ವರ್ಷವಂತೆ ಅತ್ತೆ. ಮೀಟಿಂಗಿಗೆಲ್ಲ ಹೋಗ್ತಿದ್ರಂತೆ."

"ಸಾರ್ಜೆಂಟ್ ಒಳಗೆ ತಳ್ಳಿದಾಗ ಅವನ ಮೇಲೆ ನನ್ನ ಎರಡೂ ಬೂಟು ಎಸೆದೆ."

"ಮೇಲಧಿಕಾರಿಗಳ ಮೇಲೆ ತುಂಬಾ ಗೌರವವಂತೆ."

"ಪಾಪ, ದೊಡ್ಡ ಮನುಷ್ಯರು" ಎಂದು ಅತ್ತೆ ಮರ್ವ್‌ನ ಹಣೆಗೆ ಕುಂಕುಮ ಇಟ್ಟು, ಕೈಗೆ ತೆಂಗಿನಕಾಯಿ ಕೊಟ್ಟರು. ಅಷ್ಟರಲ್ಲಿ ಹಿಂದೆ ಕೋಸಂಬರಿ ಅಗಿಯುವ ಸದ್ದು ನಿಂತಿತು.

"ಅತ್ತೆ" ಅಂದ ಬದರಿನಾಥ. ಅವನ ಧ್ವನಿಯಲ್ಲಿ ಅಷ್ಟು ಸಿಹಿ ನಾನು ಅದುವರೆಗೆ ಕೇಳಿರಲಿಲ್ಲ. "ಇವರು ಹೇಳ್ತಿರೋದು ಅದಲ್ಲ."

ಬಿಡಿಬಿಡಿಸಿ ಹೇಳಿದ. ಕುಡಿತ ಹೇಳಿದ, ಕುದುರೆ ಹೇಳಿದ, ಬೂಟು ಹೇಳಿದ. "ಇದು ಖಜಾನೆ ಬಾಗಿಲಲ್ಲ ಅತ್ತೆ. ಲಾಕಪ್ಪಿಂದು. ಸೆರೆಮನೆ! ಆ ಗೀಟೆಲ್ಲ ಚಿನ್ನದ ಚೀಲ ಅಲ್ಲ, ಕೈದಿಗಳು ದಿನ ಎಣಿಸಿದ್ದು."

ಬೆಳಿಗ್ಗೆ ಬಾಗಿಲು ಕಣ್ಣಿಗೊತ್ತಿಕೊಂಡಿದ್ದ ಆಂಟಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಇನ್ನೊಬ್ಬರು ಕೈ ತೊಳೆಯಲು ಹೋದರು. ತಿಂಡಿಗೆ ಬಂದಿದ್ದ ಅಲೋಶಿಯಸ್ ಶಿಲುಬೆಯ ಗುರುತು ಮಾಡಿಕೊಂಡು, "ನಾನು ಅವತ್ತೇ ಕೇಳಿದ್ದೆ" ಎಂದು ಹೋಳಿಗೆಗೆ ಹೇಳಿದ.

"ಬ್ಯಾಗ್ ಪ್ಯಾಕ್ ಮಾಡಿಸ್ಲಾ ಅತ್ತೆ?" ಅಂದ ಬದರಿನಾಥ. "ನಾಳೆ ಬೆಳಿಗ್ಗೇನೇ ಹೊರಟುಬಿಡೋಣ. ಸುಜಾತಾ ಬರೋ ಹಾಗಿದ್ರೆ ಕಾರಿನ ಹಿಂದಿನ ಸೀಟಲ್ಲಿ ಮಲಗಿ ಬರ್ಲಿ. ಹತ್ತು ಗಂಟೆ ದಾರಿ, ಅಷ್ಟೇ."

ಈ ಸ್ಥಿತಿಯಲ್ಲಿ ಹತ್ತು ಗಂಟೆ ಕಾರಿನಲ್ಲಿ ಕೂರುವ ಮಾತೇ ಇಲ್ಲ ಎಂದು ಸುಜಾತಾಳಿಗೂ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು. ಅವಳು ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ತಾಯಿಯ ಮುಖವನ್ನೇ ನೋಡಿದಳು. ಅಮ್ಮ ಹೊರಟರೆ ಅವಳಿಗೆ ಉಳಿಯುವುದು ನಾನು. ನನಗೆ ಬರುವ ಅಡುಗೆ ಮ್ಯಾಗಿ. ಆ ಹೊತ್ತಿನಲ್ಲಿ ನನಗೆ ಒಂದೂ ಸುಳ್ಳು ಹೊಳೆಯಲಿಲ್ಲ. ನನ್ನ ಜೀವಮಾನದಲ್ಲಿ ಹಾಗಾದದ್ದು ಅದೊಂದೇ ಸಲ.

ಅತ್ತೆ ನನ್ನ ಕಡೆ ನೋಡಲೇ ಇಲ್ಲ. "ಬದರಿನಾಥರೇ, ನೀವೇ ಕೇಳಿ. ಆ ಮೂರು ದಿನ ಇವರಿಗೆ ಊಟ ಹಾಕಿದ್ದು ಯಾರಂತೆ?"

ಮರ್ವ್ ಕಿಂಡಿಯನ್ನು ತೋರಿಸಿದ. ಸಾರ್ಜೆಂಟನ ಹೆಂಡತಿ. ದಿನಾ ಆ ಕಿಂಡಿಯಿಂದ ಬಿಸಿಬಿಸಿ ಬಟಾಣಿ ಸಾರು, ಬ್ರೆಡ್ಡು. ಮೂರನೆಯ ದಿನ, ನಿನ್ನ ಅಮ್ಮ ಕಾಯುತ್ತಿರುತ್ತಾಳೆ, ನೆಟ್ಟಗೆ ಮನೆಗೆ ಹೋಗು ಅಂದಳಂತೆ. ಅಂದಿನಿಂದ ತಾನು ಮಧ್ಯಾಹ್ನದ ಊಟಕ್ಕೆ ಮೊದಲು ಕುಡಿದಿಲ್ಲ ಎಂದ ಮರ್ವ್, ತೆಂಗಿನಕಾಯಿಯ ಮೇಲೆ ಕೈಯಿಟ್ಟು.

ಅತ್ತೆ ತಲೆಯಾಡಿಸಿದರು. ಹೊಸ್ತಿಲ ಹತ್ತಿರ ಹೋಗಿ ನಿಂತರು.

"ಬದರಿನಾಥರೇ, ಶ್ರೀಕೃಷ್ಣ ಹುಟ್ಟಿದ್ದೆಲ್ಲಿ?"

"ಮಥುರೇಲಿ."

"ಮಥುರೇಲಿ ಎಲ್ಲಿ? ಕಲ್ಯಾಣ ಮಂಟಪದಲ್ಲಾ?"

ಬದರಿನಾಥ ಕೋಸಂಬರಿ ನುಂಗಿದ.

"ಸೆರೆಮನೇಲಿ. ಆ ಪರಮಾತ್ಮನೇ ಸೆರೆಮನೆ ಬಾಗಿಲು ದಾಟಿ ಬಂದಿರೋವಾಗ ನನ್ನ ಮೊಮ್ಮಗೂಗೆ ಇದು ಕಡಿಮೆ ಆಯ್ತಾ? ನಾನು ಎಲ್ಲಿಗೂ ಬರಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಖಜಾನೆ ಅಂತ ಸುಳ್ಳು ಹೇಳಿದ್ದಕ್ಕೆ ನಿಮಗೆ ಬೇರೆ ಇದೆ, ಅಳಿಯಂದ್ರೇ" ಅಂದರು.

ನಾನು ಬಿಟ್ಟ ಉಸಿರಿಗೆ ಪಾಯಿಂಟ್ ಕುಕ್ಕಿನಲ್ಲಿ ಒಣಹಾಕಿದ್ದ ಬಟ್ಟೆ ಒಣಗಿದವು. ಕೈ ತೊಳೆಯಲು ಹೋಗಿದ್ದ ಆಂಟಿ ವಾಪಸು ಬಂದು ಮತ್ತೆ ಬಾಗಿಲು ಮುಟ್ಟಿ, ಈ ಸಲ "ಕೃಷ್ಣ ಕೃಷ್ಣ" ಎಂದು ಕಣ್ಣಿಗೊತ್ತಿಕೊಂಡರು. ಸುಜಾತಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಹೆರಿಗೆಯೇ ಆಗಿಬಿಡುತ್ತದೆಂದು ಐದು ಜನ ಕಾರಿನ ಕೀ ಹುಡುಕಿದರು. ಮರ್ವ್ ಎರಡು ಸಲ ಕೋಸಂಬರಿ ಹಾಕಿಸಿಕೊಂಡ. ಅದೇ ವಾರ ಅಲೋಶಿಯಸ್ ಇನ್ನೊಂದು ಸುದ್ದಿ ತಂದ: ಗಡ್ಡದವನು ಒಯ್ದ ಆ ಮುಂಬಾಗಿಲು ಮನೆಗೆ ಕೂರಿಸುವಾಗ ಪುಡಿಪುಡಿಯಾಯಿತಂತೆ. ಒಳಗೆಲ್ಲ ಗೆದ್ದಲು. ಕರ್ಚೀಫು ನನ್ನ ಕೈ ಬಿಟ್ಟಿರಲಿಲ್ಲ!

ಮಗು ಹುಟ್ಟಿದ್ದು ಸರಿಯಾಗಿ ಗೋಕುಲಾಷ್ಟಮಿಯ ದಿನ. ಅಷ್ಟಮಿ ಅದಕ್ಕೆ ಹನ್ನೊಂದು ದಿನ ಮೊದಲೇ ಮುಗಿದಿತ್ತು ಎಂದು ಪಂಚಾಂಗ ಹೇಳುತ್ತದೆ. ಪಂಚಾಂಗವೂ ಅಲೋಶಿಯಸ್‌ನಂತೆ ಅಳತೆಯ ಪೈಕಿ.

ಹುಟ್ಟಿದ್ದು ಹೆಣ್ಣು. ಅತ್ತೆ ಆರತಿ ಎತ್ತಿ, ಕೂಸನ್ನು ಎದೆಗವಚಿಕೊಂಡು ಹೊಸ್ತಿಲು ದಾಟಿಸಿ ಇನ್ನೂ ಕೂತಿರಲಿಲ್ಲ, ಬದರಿನಾಥನ ಫೋನು. ಸ್ಪೀಕರಿಗೆ ಹಾಕಿದೆ.

"ಕಂಗ್ರಾಟ್ಸ್ ಅತ್ತೆ! ಆದ್ರೂ ನೋಡಿ, ಅಷ್ಟೆಲ್ಲ ಹೇಳಿದ್ರಿ, ಸೆರೆಮನೆಗೆ ಕೃಷ್ಣ ಬರಲೇ ಇಲ್ವಲ್ಲ?"

ಅತ್ತೆ ಕೂಸಿನ ಟೋಪಿ ಸರಿಮಾಡುತ್ತಾ ಫೋನಿನ ಕಡೆ ನೋಡದೆಯೇ ಅಂದರು: "ಬದರಿನಾಥರೇ, ಪುರಾಣ ಸರಿಯಾಗಿ ಕೇಳಿ. ಆ ರಾತ್ರಿ ಸೆರೆಮನೆ ಬಾಗಿಲಿಂದ ಆಚೆ ಹೋಗಿದ್ದು ಕೃಷ್ಣ. ಬುಟ್ಟೀಲಿ ಮಲಗಿ ಒಳಗೆ ಬಂದಿದ್ದು ಹೆಣ್ಣು ಮಗು. ಕಂಸನ ಕೈಗೂ ಸಿಗದೇ ಹಾರಿಹೋದ ದೇವಿ ಅವಳು."

"ಸಿಗ್ನಲ್ ಸರಿಯಿಲ್ಲ ಅತ್ತೆ" ಎಂದು ಬದರಿನಾಥ ಫೋನಿಟ್ಟ.

ವೀಸಾ ಮುಗಿಯುವವರೆಗೆ ಅತ್ತೆ ನಮ್ಮಲ್ಲೇ ಇದ್ದರು. ಮರ್ವ್ ಪ್ರತಿ ಬುಧವಾರ ಕೂಸನ್ನು ನೋಡಲು ಬರುತ್ತಿದ್ದ. ಅತ್ತೆ ಅವನಿಗೆ ಬಾಣಂತಿಯ ಮೆಣಸಿನ ಸಾರನ್ನು ಕಿಂಡಿಯಿಂದಲೇ ಕೊಡುತ್ತಿದ್ದರು, ಅವನೂ ಟೋಪಿ ತೆಗೆದು ಹೊರಗೆ ನಿಂತೇ ಕುಡಿಯುತ್ತಿದ್ದ.

ಇನ್ನು ನನಗೆ ಬೇರೆ ಇದೆ ಎಂದಿದ್ದರಲ್ಲ, ಅದೂ ಸಿಕ್ಕಿತು. ಯಾರಾದರೂ ಅತಿಥಿ ಬಂದು, ನಾನು ಈ ಬಾಗಿಲಿನ ದಪ್ಪ ಒಂದು ಗೇಣು ಎಂದು ಶುರು ಮಾಡಿದರೆ ಸಾಕು, ಅತ್ತೆ ಸದ್ದಿಲ್ಲದೆ ಎದ್ದು ರಂಗೋಲಿ ಡಬ್ಬಿ ಹಿಡಿದು ಹೊರಗೆ ಹೋಗುತ್ತಿದ್ದರು. ಆಮೇಲೆ ಹೊರಗಡೆಯಿಂದ ಚಿಲಕ ಬೀಳುವ ಸದ್ದು. ಕಿಂಡಿಯಲ್ಲಿ ಅವರ ಕಣ್ಣು ಕಾಣುತ್ತಿತ್ತು.

"ಎಷ್ಟು ಅಳಿಯಂದ್ರೇ?"

"ನಾಲ್ಕು ಬೆರಳು, ಅತ್ತೆ" ಎನ್ನುವವರೆಗೆ ನನಗೆ ಬಿಡುಗಡೆ ಇರಲಿಲ್ಲ.